ಕಟ್ಟಿ ನೋಡು

ಸ್ಲೋಕಮ್ ಊರಾಚೆ, ಕಡಲೆಕಾಯಿ ಹೊಲ ಮುಗಿದು
ಪೈನ್ ಮರ ಶುರುವಾಗುವಲ್ಲಿ
ಹದಿನಾಲ್ಕು ಮನೆ. ಒಂದಕ್ಕೂ ತಳಪಾಯವಿಲ್ಲ.
ಸಿಮೆಂಟು ಇಟ್ಟಿಗೆಯ ಮೇಲೆ ಸಿಮೆಂಟು ಇಟ್ಟಿಗೆ,
ಅದರ ಮೇಲೆ ಕಬ್ಬಿಣದ ತೊಲೆ, ಅದರ ಮೇಲೆ
ಒಲೆ, ಮಂಚ, ಟೀವಿ, ಯೇಸುವಿನ ಪಟ, ಸಾಲದ ಕಾಗದ.

ನನ್ನ ಕೆಲಸ ಇವುಗಳ ಅಡಿಯಲ್ಲಿ ತೆವಳುವುದು.
ಕೌಂಟಿ ಕೊಟ್ಟ ಟಾರ್ಚು, ಮೊಣಕೈಗೆ ರಬ್ಬರು, ಬಾಯಲ್ಲಿ ಪೆನ್ನು.
ಹೆಂಗಸು ಬರುತ್ತಾಳೆಂದು ಯಾರೂ ಎಣಿಸಿರುವುದಿಲ್ಲ;
ಬಗ್ಗಿ ನೋಡಿ, ಹಾವಿರುತ್ತೆ, ಜೋಪಾನ, ಅನ್ನುತ್ತಾರೆ.
ಇರುತ್ತದೆ. ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು.

ಮನೆ ಕಟ್ಟಿ ನೋಡು ಅಂತ ನಮ್ಮಲ್ಲಿ ಗಾದೆ.
ಇಲ್ಲಿ ದಿನವೂ ಅದೇ:
ಕಟ್ಟಿದ್ದಾರೋ, ನೋಡು.
ಕರುವಿಗೆ ಕಣ್ಣಿ ಹಾಕಿದ ಹಾಗೆ
ತೊಲೆಯಿಂದ ಇಳಿದ ಉಕ್ಕಿನ ಪಟ್ಟಿ,
ಪಟ್ಟಿಯ ತುದಿಗೆ ತಿರುಪಿನ ಗೂಟ, ಮಣ್ಣೊಳಗೆ ನಾಲ್ಕಡಿ.
ಜೊತೆಗಾರ ರಾಯ್ಸ್‌ಗೆ ಒಮ್ಮೆ ಹೇಳಿದೆ:
ನಿನ್ನ ಭಾಷೆಗೆ ಎರಡು ಮಾತು ಬೇಕು,
ನನ್ನದಕ್ಕೆ ಒಂದೇ ಸಾಕು, ಎಬ್ಬಿಸುವುದಕ್ಕೂ ಬಿಗಿಯುವುದಕ್ಕೂ.
ಅವನು ತಂಬಾಕು ಉಗಿದು, ಹಾಗಾದರೆ
ನಿಮ್ಮ ಮನೆಗಳು ಹಾರುವುದಿಲ್ಲ ಅನ್ನು, ಎಂದ.

ಇಲ್ಲಿನ ಮಣ್ಣು ನಂಬಿಸಿ ಕೈಕೊಡುವ ಜಾತಿ.
ಮೇಲೆ ಕೆಂಪು, ಗಟ್ಟಿ; ಎರಡಡಿ ಕೆಳಗೆ ಸಕ್ಕರೆಯಂಥ ಮರಳು.
ಸಲಾಕೆ ಇಳಿಸಿ, ತಿರುವಿ, ಮುಳ್ಳು ಎಲ್ಲಿ ನಿಂತಿತೆಂದು ಓದಬೇಕು.
ಕಡಲೆ ಗಿಡಕ್ಕೆ ಈ ಲೆಕ್ಕವಿಲ್ಲ.
ಹಳದಿ ಹೂವು ಬಾಡಿದ ಮೇಲೆ
ಒಂದು ಹಸಿ ಸೂಜಿ ಬಾಗಿ ಬಾಗಿ ಮಣ್ಣಿಗಿಳಿದು
ಅಲ್ಲೇ ಕಾಯಿಯಾಗುತ್ತದೆ.
ನಮಗೆ ಅಳತೆ ಬೇಕು, ಸಹಿ ಬೇಕು.

ಒಂಬತ್ತನೆಯ ಮನೆ ವಿಲೋಡೀನ್ ಹ್ಯಾಚ್ ಅವಳದು.
ಚಕ್ರಗಳು ಇನ್ನೂ ಅಡಿಯಲ್ಲೇ ಇವೆ, ಗಾಳಿ ಹೋಗಿ, ಇಪ್ಪತ್ತಾರು ವರ್ಷದಿಂದ.
ಬಿಚ್ಚಿಸಬಹುದಲ್ಲ, ಅಂದೆ.
ಹಾಯ್ಟ್ ಸಮುದ್ರದ ಹತ್ತಿರ ಒಯ್ತೀನಿ ಅಂತಿದ್ದ,
ಈಗ ಚರ್ಚಿನ ಹಿಂದೆ ಮಲಗಿದ್ದಾನೆ;
ಇರಲಿ ಬಿಡು, ಚಕ್ರವೇನು ಕೂಳು ಕೇಳುತ್ತಾ?

ಹನ್ನೊಂದನೆಯ ಗೂಟಕ್ಕೆ ಪಟ್ಟಿಯೇ ಇರಲಿಲ್ಲ.
ನಾಯಿ ಕಟ್ಟಿದ್ದಳು. ಬಿಸ್ಕತ್ತು ಬಣ್ಣದ ದಢೂತಿ ನಾಯಿ,
ಅಂಚೆಯ ಗಾಡಿ ಕಂಡರೆ ಇಡೀ ಮೈ ಹಾಕಿ ಎಳೆಯುತ್ತದಂತೆ.
ಆರು ವರ್ಷ ಎಳೆದಿದೆ, ಕೂದಲೆಳೆಯಷ್ಟು ಅಲುಗಿಲ್ಲ,
ನಿನ್ನ ಮುಳ್ಳಿಗಿಂತ ಇದೇ ವಾಸಿ, ಎಂದಳು.
ಫಾರಮ್ಮಿನಲ್ಲಿ ಅದಕ್ಕೊಂದು ಕಾಲಂ ಇಲ್ಲ.

ನಾನು ಹತ್ತನೆಯ ಜಾಗ ತೋರಿಸಿದೆ.
ಅಲ್ಲಿ ಹುಲ್ಲು. ಹುಲ್ಲಿನಲ್ಲಿ ಎರಡು ಸಾಲು ಗೂಟ,
ಕೊಟ್ಟ ಮಾತು ಉಳಿಸಿಕೊಂಡವರ ಹಾಗೆ ನಿಂತಿವೆ.
ಒಂದೊಂದಕ್ಕೂ ಗೇಣುದ್ದ ಹರಿದ ಪಟ್ಟಿ.
ಮಾರ್ಚಿಯ ಆ ರಾತ್ರಿ ಗೂಟ ಬಿಡಲಿಲ್ಲ,
ಮನೆ ಬಿಟ್ಟಿತು.

ವಿಲೋಡೀನ್ ಅತ್ತ ನೋಡಲಿಲ್ಲ.
ನಾಯಿಯ ಸರಪಳಿ ಬಿಚ್ಚಿ ಕೈಗೆ ಸುತ್ತಿಕೊಂಡು
ಹಾಕು ನಿನ್ನ ಪಟ್ಟಿ, ಎಂದಳು.
ಹಾಕುವುದು ನಮ್ಮ ಕೆಲಸವಲ್ಲ, ನಮ್ಮದು ಬರೆದುಕೊಳ್ಳುವುದು.
ಆದರೂ ರಾಯ್ಸ್ ಹಿಡಿದ, ನಾನು ತಿರುವಿದೆ.
ಕತ್ತಲಾಗುತ್ತಿತ್ತು. ಸೊಳ್ಳೆ.
ಸಾಕು ಬಾ, ಅಂದ ಅವನು.

ಈಗ ರಾತ್ರಿ ಎರಡು ಗಂಟೆ.
ನನ್ನದು ಇಟ್ಟಿಗೆಯ ಕಟ್ಟಡ, ಬಾಡಿಗೆ, ಎರಡನೆಯ ಮಹಡಿ.
ಸೈರನ್ ಒಮ್ಮೆ ಕೂಗಿ ನಿಂತಿದೆ.
ಕಿಟಕಿಯ ಗಾಜು ಒಳಗೊಳಗೇ ಗುನುಗುತ್ತದೆ,
ಹೊದಿಕೆಯೊಳಗೆ ಬಲಗೈ ತಾನಾಗಿಯೇ ತಿರುಗುತ್ತದೆ:
ಆ ಹನ್ನೊಂದನೆಯ ಬೋಲ್ಟು
ಇನ್ನೂ ಅರ್ಧ ಸುತ್ತು ಬರುತ್ತಿತ್ತು.